ನಿಂತಲ್ಲೇ ತುಳಿಯುವ ಸೈಕಲ್ಲು

ಬೆಳಗಿನ ಆರು ಗಂಟೆಗೆ ವಿಜಯಪುರದ ಹೊರವಲಯದ ಯಾವುದಾದರೂ ನೇರ ರಸ್ತೆಯಲ್ಲಿ ನಿಂತರೆ ಸುಂಯ್ ಎಂದು ಸೈಕಲ್ಲುಗಳ ಸಾಲೊಂದು ದಾಟಿ ಹೋಗುತ್ತದೆ. ಬಾಗಿದ ಬೆನ್ನು, ಮೈಗಂಟಿದ ಜೆರ್ಸಿ, ತಲೆಗೆ ಹೆಲ್ಮೆಟ್ಟು. ಕ್ರೀಡಾ ವಸತಿ ನಿಲಯದ ಮಕ್ಕಳು ಅವರು, ಹುಡುಗಿಯರೂ ಇದ್ದಾರೆ. ರಾಜ್ಯದ ಸೈಕ್ಲಿಂಗ್ ತಂಡವೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ತಂಡ ಎನ್ನುವಷ್ಟು ಹೆಸರು ಈ ಭಾಗಕ್ಕಿದೆ. ಜೋಳದ ರೊಟ್ಟಿಯ ಕಸುವು ಎಂದು ಊರವರು ಮೀಸೆ ತಿರುವುತ್ತಾರೆ. ಭೂತನಾಳ ಕೆರೆಯ ಬಳಿಯ ವೆಲೋಡ್ರೋಮ್ ಎಂಬ ಸೈಕಲ್ ಓಟದ ಅಂಗಣದ ಕಾಮಗಾರಿ ವರ್ಷಗಟ್ಟಲೆ ಎಳೆದಾಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದೂರು ಬಂದದ್ದೂ ಈ ಅಭಿಮಾನದಿಂದಲೇ.

ಇನ್ನೆರಡು ತಾಸು ಕಳೆದರೆ ತಿಕೋಟಾದ ಬಸ್ ನಿಲ್ದಾಣದಲ್ಲಿ ಬೇರೊಂದು ಸಾಲು. ಅದೇ ವಯಸ್ಸಿನ ಹುಡುಗಿಯರು, ಬ್ಯಾಗು ಎದೆಗವಚಿಕೊಂಡು. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಅವರ ಟಿಕೆಟಿನ ದುಡ್ಡು ಉಳಿಸಿದೆ, ಎಷ್ಟೋ ಮನೆಗಳಲ್ಲಿ ಕಾಲೇಜನ್ನೂ ಉಳಿಸಿದೆ. ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು, ಸೀಟು ಸಿಕ್ಕರೆ ಕೂತು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಗೇಟಿನಲ್ಲಿ ಕೆಲವರು ಇಳಿಯುತ್ತಾರೆ, ಉಳಿದವರು ಊರೊಳಕ್ಕೆ. ತರಗತಿಯಲ್ಲಿ ಕೂಡುವುದು, ಲೈಬ್ರರಿಯಲ್ಲಿ ಕೂಡುವುದು, ಸಂಜೆ ಕೋಚಿಂಗ್ ಸೆಂಟರಿನಲ್ಲಿ ಕೂಡುವುದು, ಮತ್ತೆ ಬಸ್ಸಿನಲ್ಲಿ ಕೂಡುವುದು. ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗಿಯರು ಮಾತ್ರ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಓಡುತ್ತಾರೆ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ಓಟದ ಪರೀಕ್ಷೆಯಿಲ್ಲ, ಹಾಗಾಗಿ ಓಟವೂ ಇಲ್ಲ.

ಈ ಎರಡನೆಯ ಸಾಲಿನ ಹುಡುಗಿಯರಿಗೆ ಪದಕದ ಸೈಕಲ್ಲು ಬೇಡ. ಕೋಣೆಯೊಳಗೆ ನೆಲ ಕಚ್ಚಿಕೊಂಡು ನಿಂತ, ಎಷ್ಟು ತುಳಿದರೂ ಒಂದಿಂಚು ಮುಂದೆ ಹೋಗದ ಸೈಕಲ್ಲು ಸಾಕು. ಹಾಸ್ಟೆಲ್ಲಿಗೂ ಕಾಲೇಜಿಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೂ ಅದು ಬರಬೇಕು. ಜಿಮ್ಮಿನ ಶೋಕಿ ಎಂದು ಇದನ್ನು ತಳ್ಳಿಹಾಕುವವರು ಸ್ವಲ್ಪ ರಕ್ತನಾಳದ ಕಥೆ ಕೇಳಬೇಕು.

ನಿಂತ ಸೈಕಲ್ಲಿಗೂ ರಕ್ತನಾಳಕ್ಕೂ ಇರುವ ನಂಟು ಹಳೆಯದು. ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್ 1913ರಲ್ಲಿ ವಿದ್ಯುತ್ಕಾಂತದ ತಡೆಯಿರುವ ಸೈಕಲ್ಲೊಂದನ್ನು ತಮ್ಮ ಪ್ರಯೋಗಾಲಯಕ್ಕಾಗಿ ಕಟ್ಟಿದರು. ಮನುಷ್ಯ ಎಷ್ಟು ಶ್ರಮ ಹಾಕುತ್ತಾನೆಂದು ಅಳೆಯಲು ಅದು ತಕ್ಕಡಿಯಿದ್ದಂತೆ. ಅದೇ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಬಂದದ್ದು ಕೂದಲೆಳೆಗಿಂತ ಸಣ್ಣ ಲೋಮನಾಳಗಳ ಮೇಲಿನ ಕೆಲಸಕ್ಕೆ. ಸುಮ್ಮನಿದ್ದಾಗ ಮುಚ್ಚಿಕೊಂಡಿರುವ ಎಷ್ಟೋ ಲೋಮನಾಳಗಳು ಸ್ನಾಯು ದುಡಿಯತೊಡಗಿದಾಗ ಬಾಯಿ ಬಿಡುತ್ತವೆ ಎಂದು ಅವರು ತೋರಿಸಿದ್ದರು. 1954ರಲ್ಲಿ ಸ್ವೀಡನ್ನಿನ ಆಸ್ಟ್ರಾಂಡ್ ಮತ್ತು ಇರ್ಮಾ ರೂಮಿಂಗ್ ಸೈಕಲ್ಲು ತುಳಿಸಿ, ನಾಡಿ ಎಣಿಸಿ, ದೇಹದ ಕಸುವನ್ನು ಅಂದಾಜು ಮಾಡುವ ಕೋಷ್ಟಕ ಕೊಟ್ಟರು. ಜಿಮ್ಮಿನ ಮೂಲೆಯಲ್ಲಿ ಬಟ್ಟೆ ಒಣಹಾಕಲು ಬಳಕೆಯಾಗುವ ಯಂತ್ರಕ್ಕೆ ಇಂಥ ಕುಲಗೋತ್ರವಿದೆ.

ರಕ್ತನಾಳವನ್ನು ಬರೀ ಕೊಳವೆ ಎಂದುಕೊಂಡದ್ದೇ ಬಹುಕಾಲದ ತಪ್ಪು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯ ಚೂರುಗಳನ್ನಿಟ್ಟುಕೊಂಡು ಒಂದು ವಿಚಿತ್ರ ಬಯಲು ಮಾಡಿದರು. ಒಳಪದರ ಕೆಡದ ಚೂರು ಒಂದು ರಾಸಾಯನಿಕ ತಾಗಿದೊಡನೆ ಸಡಿಲವಾಗಿ ಹಿಗ್ಗುತ್ತಿತ್ತು. ಒಳಪದರ ಉಜ್ಜಿಹೋದ ಚೂರಿಗೆ ಅದೇ ರಾಸಾಯನಿಕ ತಾಗಿದರೆ ಹಿಗ್ಗುವುದು ಹೋಗಲಿ, ಸಂಕುಚಿಸುತ್ತಿತ್ತು. ಅಂದರೆ ಹಿಗ್ಗು ಅಂತ ಹೇಳುವ ಯಜಮಾನ ಆ ಒಂದೇ ಕೋಶದಷ್ಟು ತೆಳ್ಳಗಿನ ಒಳಪದರ. ಅದು ಹೊರಡಿಸುವ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಖಾತ್ರಿಯಾಯಿತು. ಈ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಸಿಕ್ಕಿತು. ಎದೆ ಹಿಡಿದಾಗ ಮನೆಯ ಹಿರಿಯರು ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆ ಹೊರಗಿನಿಂದ ಒದಗಿಸುವುದು ಇದನ್ನೇ. ಹದಿನೆಂಟರ ಹುಡುಗಿಯ ನಾಳ ಅದನ್ನು ತಾನೇ ತಯಾರಿಸುತ್ತದೆ, ಪುಕ್ಕಟೆ.

ಒಂದೇ ಷರತ್ತು. ಒಳಪದರಕ್ಕೆ ಕೆಲಸ ಕೊಡಬೇಕು. ಕಾಲು ತುಳಿಯತೊಡಗಿದರೆ ರಕ್ತ ರಭಸವಾಗಿ ಹರಿದು ಒಳಪದರವನ್ನು ಉಜ್ಜುತ್ತ ಹೋಗುತ್ತದೆ, ಆ ಉಜ್ಜಾಟವೇ ನೈಟ್ರಿಕ್ ಆಕ್ಸೈಡ್ ಹೊರಡಿಸುವ ಸನ್ನೆ. ದಿನವೂ ಸನ್ನೆ ಸಿಕ್ಕರೆ ಪದರ ಚುರುಕಾಗಿರುತ್ತದೆ. ಸಿಗದಿದ್ದರೆ ಮಂಕಾಗುತ್ತದೆ, ವರ್ಷಗಳು ಕಳೆದಂತೆ ನಾಳದ ಗೋಡೆ ಬಿರುಸಾಗುತ್ತದೆ. ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಡ್ರಿಪ್ ಪೈಪು ಬೆರಳಿಗೆ ಸುತ್ತಿದರೂ ಸುತ್ತಿಕೊಳ್ಳುತ್ತದೆ, ಹತ್ತು ಬೇಸಿಗೆಯ ಬಿಸಿಲುಂಡ ಪೈಪು ಬಗ್ಗಿಸಿದರೆ ಲಟಕ್ಕೆನ್ನುತ್ತದೆ. ಮೋಟರು ಅದೇ, ನೀರು ಅದೇ. ಬಿರುಸು ಪೈಪಿಗೆ ನೀರು ನೂಕಲು ಮೋಟರು ಮಾತ್ರ ಹೆಚ್ಚು ಏದುಸಿರು ಬಿಡಬೇಕು.

ವಿಜಯಪುರವನ್ನಾಳಿದ ಆದಿಲ್‌ಶಾಹಿಯ ಜಲತಜ್ಞರಿಗೂ ಒತ್ತಡದ ಭಯ ಗೊತ್ತಿತ್ತು. ಬೇಗಂ ತಾಲಾಬ್ ಕೆರೆಯಿಂದ ಊರಿಗೆ ನೀರು ತಂದದ್ದು ಮಣ್ಣಿನ ಕೊಳವೆಗಳಲ್ಲಿ. ಒತ್ತಡ ಏರಿ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಗಂಜ್ ಎಂಬ ಜಲಗೋಪುರಗಳನ್ನು ನಿಲ್ಲಿಸಿದರು. ವಿಜಯಪುರದಲ್ಲಿ ಇವತ್ತಿಗೂ ಮನೆಗಳ ನಡುವೆ, ರಸ್ತೆಯ ಬದಿಗೆ, ಯಾಕೆ ನಿಂತಿವೆಯೆಂದು ಯಾರೂ ಕೇಳದಂತೆ ಅವು ನಿಂತಿವೆ. ಆರೋಗ್ಯವಂತ ಮಹಾಪಧಮನಿ ತನ್ನ ಗಂಜ್ ತಾನೇ. ಹೃದಯ ಒಮ್ಮೆಲೆ ದೂಡಿದ ರಕ್ತಕ್ಕೆ ಹಿಗ್ಗಿ ಜಾಗ ಕೊಟ್ಟು, ಹೃದಯ ವಿರಮಿಸುವಾಗ ಕುಗ್ಗಿ ಅದನ್ನು ಮುಂದಕ್ಕೆ ಕಳಿಸುತ್ತದೆ. ಈ ಹಿಗ್ಗುವ ಗುಣ ಕಡಿಮೆಯಾದಷ್ಟೂ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಅಲೆಯ ವೇಗ ಅಳೆದು ನಾಳದ ಬಿರುಸನ್ನು ಹೇಳುವ ಪರೀಕ್ಷೆ ಹುಟ್ಟಿದ್ದು ಇದರಿಂದ.

ಇನ್ನೊಂದು ಪರೀಕ್ಷೆಯೂ ಇದೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ಬಿಗಿಹಿಡಿದು ಥಟ್ಟನೆ ಬಿಡುತ್ತಾರೆ. ತಡೆದು ನಿಂತ ರಕ್ತ ನುಗ್ಗಿದಾಗ ತೋಳಿನ ಧಮನಿ ಎಷ್ಟು ಅಗಲವಾಯಿತೆಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಚೂರಿಯಿಲ್ಲ, ಸೂಜಿಯಿಲ್ಲ. 1992ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸೆಲೆರ್ಮಾಯೆರ್ ತಂಡ ಈ ವಿಧಾನವನ್ನು ಮಕ್ಕಳಲ್ಲೂ ವಯಸ್ಕರಲ್ಲೂ ತೋರಿಸಿದ ಮೇಲೆ ರೋಗ ಬರುವ ದಶಕಗಳ ಮುಂಚೆಯೇ ನಾಳದ ಯೋಗಕ್ಷೇಮ ಕೇಳುವುದು ಸಾಧ್ಯವಾಯಿತು.

ಸೈಕಲ್ಲು ತುಳಿದರೆ ಈ ಪರೀಕ್ಷೆಯಲ್ಲಿ ಏನು ಕಾಣುತ್ತದೆ? 2008ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇಪ್ಪತ್ತು ಮಂದಿ ಆರೋಗ್ಯವಂತ ಯುವಜನರನ್ನು, ಹತ್ತು ಹುಡುಗಿಯರು, ಹತ್ತು ಹುಡುಗರು, ಆರು ವಾರ ನಿಂತ ಸೈಕಲ್ಲಿಗೆ ಹತ್ತಿಸಿದರು. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ 40ರಿಂದ 60 ನಿಮಿಷ ಹದವಾಗಿ ತುಳಿಯಿತು. ಇನ್ನೊಂದು ವಾರಕ್ಕೆ ಮೂರೇ ದಿನ, 30 ಸೆಕೆಂಡು ಜೀವ ಬಿಟ್ಟು ತುಳಿಯುವುದು, ನಾಲ್ಕೂವರೆ ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕರಿಂದ ಆರು ಸಲ. ಮೊಣಕಾಲ ಹಿಂದಿನ ಧಮನಿ ಎರಡೂ ಗುಂಪಿನಲ್ಲಿ ಹೆಚ್ಚು ಹಿಗ್ಗುವಂತಾಯಿತು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಕುತ್ತಿಗೆಯ ಧಮನಿಯ ಬಿರುಸು ಮಾತ್ರ ಬದಲಾಗಲಿಲ್ಲ. ಇಪ್ಪತ್ತರ ಪ್ರಾಯದಲ್ಲಿ ಅದು ಹೇಗೂ ಮೆತ್ತಗೇ ಇರುತ್ತದೆ. ಇಪ್ಪತ್ತು ಜನರ ಅಧ್ಯಯನ ಸಣ್ಣದು, ಅದರ ಮೇಲೆ ದೊಡ್ಡ ಗೋಪುರ ಕಟ್ಟಬಾರದು. ಆದರೂ ಆರೇ ವಾರಕ್ಕೆ ನಾಳದ ನಡತೆ ಬದಲಾಯಿತೆಂಬುದು ಸಣ್ಣ ಮಾತಲ್ಲ.

ಇದಕ್ಕಿಂತ ಹತ್ತಿರದ ಉದಾಹರಣೆ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯದು. ಈಗ ಯಾವ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಕೇಳಿದರೂ ಈ ಹೆಸರು ಗೊತ್ತು. ಮುಟ್ಟು ತಪ್ಪುವುದು, ಮುಖದ ಮೇಲೆ ಕೂದಲು, ಏರುವ ತೂಕ ಎಲ್ಲರ ಕಣ್ಣಿಗೂ ಬೀಳುತ್ತವೆ. ರಕ್ತನಾಳದ ಒಳಪದರವೂ ಮಂಕಾಗಿರುತ್ತದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರು ಇಂಥ ಹೆಂಗಸರಿಗೆ 16 ವಾರ ವ್ಯಾಯಾಮ ಮಾಡಿಸಿದಾಗ ಮೈಯ ಕೊಬ್ಬು ಇಳಿಯದಿದ್ದರೂ ಧಮನಿ ಹಿಗ್ಗುವ ಗುಣ ಸುಧಾರಿಸಿತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ಜಿಮ್ಮಿನ ತೂಕದ ಯಂತ್ರದ ಮೇಲೆ ಅಂಟಿಸಬೇಕು. ಹದಿನೈದು ದಿನ ತುಳಿದು, ಕಾಟಾ ಹತ್ತಿ, ಮುಳ್ಳು ಅಲ್ಲಾಡಲಿಲ್ಲವೆಂದು ಬಿಟ್ಟುಹೋಗುವ ಹುಡುಗಿಯರೆಷ್ಟು! ಕಾಟಾ ಸುಳ್ಳು ಹೇಳಲಿಲ್ಲ, ಕೇಳಿದ ಪ್ರಶ್ನೆಯೇ ಬೇರೆ ಇರಬೇಕಿತ್ತು.

ಇಪ್ಪತ್ತರ ಹುಡುಗಿಗೆ ಇದೆಲ್ಲ ಯಾಕೆ, ಹೃದಯದ ಚಿಂತೆ ಐವತ್ತರ ಗಂಡಸರಿಗೆ ಬಿಟ್ಟದ್ದು ಎನ್ನುವವರಿದ್ದಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಹೃದಯಾಘಾತದಿಂದ 46ಕ್ಕೇ ಹೋದಾಗ ರಾಜ್ಯದ ಹೃದ್ರೋಗ ಆಸ್ಪತ್ರೆಗಳೆದುರು ಸಾಲು ನಿಂತಿತು. ಜಿಮ್ಮಿನ ಮೇಲೆ ಭಯವೂ ಹುಟ್ಟಿತು. ಹೆಣ್ಣುಮಕ್ಕಳ ರಕ್ತನಾಳದ ಮಾತು ಮಾತ್ರ ಆಗಲೂ ಯಾರ ಬಾಯಲ್ಲೂ ಬರಲಿಲ್ಲ. ಹರೆಯದಲ್ಲಿ ಈಸ್ಟ್ರೋಜನ್ ಅವರ ನಾಳಗಳನ್ನು ಕಾಯುತ್ತದೆಂಬುದು ನಿಜ. ತಾಸುಗಟ್ಟಲೆ ಕೂತರೆ ಯುವಕರ ಕಾಲಿನ ಧಮನಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ಯುವತಿಯರದು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ ಎಂದು 2017ರ ಅಧ್ಯಯನವೊಂದು ತೋರಿಸಿದೆ. ಆದರೆ ಈ ಕಾವಲು ಬಾಡಿಗೆಯದು, ಮುಟ್ಟು ನಿಲ್ಲುವವರೆಗಷ್ಟೇ. ಅದಕ್ಕೂ ಮುಂಚೆಯೇ ಬಿರುಕು ಬಿಡುವುದೂ ಉಂಟು. ಅಮೆರಿಕದಲ್ಲಿ ಸುಮಾರು 33,000 ಜನರ ನಾಲ್ಕು ದಶಕಗಳ ಬಿಪಿ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಹೆಂಗಸರ ರಕ್ತದೊತ್ತಡ ಇಪ್ಪತ್ತರ ಹರೆಯದಿಂದಲೇ ಗಂಡಸರಿಗಿಂತ ಕಡಿದಾಗಿ ಏರತೊಡಗುತ್ತದೆ. ಹೆಂಗಸರಿಗೆ ತಡವಾಗಿ ಬರುವ ರೋಗ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ನಡುವೆ ಬಸುರಿನ ಕಾಲದ ಬಿಪಿ ಬೇರೆ. ಇಲ್ಲಿ ಇಪ್ಪತ್ತೆರಡಕ್ಕೆಲ್ಲ ಮದುವೆಯಾಗಿ ವರ್ಷದೊಳಗೆ ಬಸುರಾಗುವ ಹುಡುಗಿಗೆ ನಾಳದ ಮೊದಲ ದೊಡ್ಡ ಪರೀಕ್ಷೆ ಅದೇ.

ಅಂಕಿಗಳೂ ಸುಮ್ಮನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದು ದಾಟಿದ ಹೆಂಗಸರಲ್ಲಿ ಹತ್ತಿರಹತ್ತಿರ ನಾಲ್ವರಿಗೊಬ್ಬರಿಗೆ ಬಿಪಿ ಹೆಚ್ಚಿದೆ ಇಲ್ಲವೇ ಅದಕ್ಕೆ ಗುಳಿಗೆ ನಡೆದಿದೆ. ಭಾರತದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು ಮಂದಿ ಬೇಕಾದಷ್ಟು ಮೈ ದಣಿಸುವುದಿಲ್ಲ, ಗಂಡಸರಲ್ಲಿ ಇದು ಶೇ 42 ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2022ರ ಸ್ಥಿತಿಯ ಬಗ್ಗೆ ಅಂದಾಜಿಸಿದ್ದಾರೆ. ಬೇಕಾದಷ್ಟು ಎಂದರೆ ವಾರಕ್ಕೆ 150 ನಿಮಿಷ ಹದವಾದ ಶ್ರಮ, ಅಥವಾ 75 ನಿಮಿಷ ಬಿರುಸಿನ ಶ್ರಮ.

‘ಮನ್ಯಾಗ ಕಸಾ ಮುಸುರಿ ಮಾಡಿದ್ರ ಸಾಲದೇನ್ರಿ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಬಬಲೇಶ್ವರದ ಕಡೆ ದ್ರಾಕ್ಷಿ ತೋಟದಲ್ಲಿ ದಿನವಿಡೀ ಕೈ ಮೇಲೆತ್ತಿ ಗೊನೆ ಸವರುವ ಹೆಣ್ಣಾಳಿಗೆ ಸೈಕಲ್ಲು ತುಳಿ ಎನ್ನುವುದು ಅವಮಾನ. ಆಕೆಗೆ ಬೇಕಾದದ್ದು ನೆರಳು, ನೀರು, ಸರಿಯಾದ ಕೂಲಿ. ಆದರೆ ಆಕೆಯ ಮಗಳು ಕಾಲೇಜಿಗೆ ಹೋಗುತ್ತಾಳೆ. ಮಗಳಿಗೆ ರಟ್ಟೆ ಮುರಿಯುವ ಕೆಲಸ ಬೇಡವೆಂದೇ ತಾಯಿ ದುಡಿಯುತ್ತಾಳೆ. ಮಗಳ ಪಾಲಿಗೆ ಉಳಿದ ಮನೆಗೆಲಸದಲ್ಲಿ ಸುಸ್ತು ಉಂಟು, ನಾಡಿ ಏರಿ ಹತ್ತಿಪ್ಪತ್ತು ನಿಮಿಷ ಅಲ್ಲೇ ನಿಲ್ಲುವ ಓಟ ಇಲ್ಲ. ಒಳಪದರಕ್ಕೆ ಬೇಕಾದದ್ದು ಆ ನಿಲ್ಲುವಿಕೆ.

ಹಾಗಾದರೆ ರಸ್ತೆಯ ಮೇಲೇ ತುಳಿಯಲಿ, ಕೋಣೆಯೊಳಗೆ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. 2006–07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿದಾಗ ಹಳ್ಳಿಯ ದಾರಿಗಳಲ್ಲಿ ಹುಡುಗಿಯರ ಗುಂಪು ಗಂಟೆ ಬಾರಿಸುತ್ತ ಶಾಲೆಗೆ ಹೋಗುತ್ತಿದ್ದುದು ಎಲ್ಲರಿಗೂ ನೆನಪಿದೆ. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತು. ಇದ್ದ ಕಾಲದಲ್ಲೂ ಆ ಸೈಕಲ್ಲು ಹತ್ತನೆಯ ತರಗತಿಯ ಆಚೆ ಹೋದದ್ದು ಕಡಿಮೆ. ಹುಡುಗಿ ಪಿಯುಸಿಗೆ ಬಂದಳೆಂದರೆ ಸೈಕಲ್ಲು ತಮ್ಮನಿಗೆ. ಅಲ್ಲಿಂದಾಚೆಗೆ ರಸ್ತೆ ಆಕೆಯದಲ್ಲ. ಬೆಳಗ್ಗೆ ಕತ್ತಲು, ಸಂಜೆ ಕಣ್ಣುಗಳು. ನಾಯಿ, ಕಬ್ಬಿನ ಟ್ರ್ಯಾಕ್ಟರು, ಹಿಂದೆ ಬಿದ್ದ ಬೈಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಒಳಾಂಗಣ ಸೈಕಲ್ಲು ಅರ್ಧ ಸೋಲು ಒಪ್ಪಿಕೊಂಡಂತೆಯೇ, ಅದನ್ನು ಮುಚ್ಚಿಡಬೇಕಿಲ್ಲ. ಹೆಣ್ಣುಮಕ್ಕಳು ನಿರ್ಭಯವಾಗಿ ತುಳಿಯುವಂಥ ರಸ್ತೆ ಕೇಳುವುದನ್ನು ಬಿಡಲೂಬಾರದು. ಆದರೆ ರಸ್ತೆ ಸುಧಾರಿಸುವವರೆಗೆ ನಾಳಗಳು ಕಾಯುವುದಿಲ್ಲ.

ತಾಯಂದಿರ ಒಂದು ಭಯವನ್ನು ಇಲ್ಲಿಯೇ ಬಗೆಹರಿಸಬೇಕು. ಸೈಕಲ್ಲು ತುಳಿದರೆ ಗರ್ಭಕೋಶ ಜಾರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಇನ್ನೂ ಜೀವಂತವಾಗಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಮುಟ್ಟಿನ ದಿನಗಳಲ್ಲೂ ಮೈ ಒಪ್ಪಿದರೆ ತುಳಿಯಬಹುದು, ಒಪ್ಪದಿದ್ದರೆ ಬಿಡಬಹುದು.

ನಿಜವಾದ ಅಪಾಯಗಳು ಬೇರೆ. ಮೊದಲನೆಯದು ರಕ್ತಹೀನತೆ. ಅದೇ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ಅದು ಇದೆ. ಐದು ನಿಮಿಷಕ್ಕೇ ಏದುಸಿರು ಬಂದು ಕಣ್ಣು ಕತ್ತಲಿಟ್ಟರೆ ಹುಡುಗಿ ಸೋಮಾರಿಯೆಂದು ಬೈಯುವ ಮುನ್ನ ಹಿಮೋಗ್ಲೋಬಿನ್ ನೋಡಿಸಬೇಕು. ಎರಡನೆಯದು ಅತಿ ಉತ್ಸಾಹ. ಸಂಗೀತ ಜೋರಾಗಿ ಹಾಕಿ ಗುಂಪಿನಲ್ಲಿ ತುಳಿಸುವ ಸ್ಪಿನ್ನಿಂಗ್ ತರಗತಿಗೆ ಮೊದಲ ಸಲ ಹೋದ ಆರೋಗ್ಯವಂತ ಯುವಜನರ ತೊಡೆಯ ಸ್ನಾಯು ಒಡೆದು ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೊದಲ ವಾರ ಹತ್ತು ನಿಮಿಷ ಸಾಕು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಹದ. ಮೂರನೆಯದು ಸೆಕೆ. ರಸ್ತೆಯ ಸೈಕಲ್ಲಿಗೆ ಗಾಳಿ ಎದುರಾಗಿ ಬೆವರು ಆರಿಸುತ್ತದೆ, ಕೋಣೆಯ ಸೈಕಲ್ಲಿಗೆ ಆ ಭಾಗ್ಯವಿಲ್ಲ. ವಿಜಯಪುರದ ಮೇ ತಿಂಗಳಲ್ಲಿ ಕಿಟಕಿ ಮುಚ್ಚಿದ, ಕರೆಂಟು ಹೋದ ಕೋಣೆಯಲ್ಲಿ ತುಳಿಯುವುದು ವ್ಯಾಯಾಮವಲ್ಲ, ಶಿಕ್ಷೆ.

ಇನ್ನು ಮೇಲೆ ಹೇಳಿದ ಅಧ್ಯಯನವೆಲ್ಲ ಕೆನಡಾದ್ದು, ಇಂಗ್ಲೆಂಡಿನದು, ಅಮೆರಿಕದ್ದು. ಅಲ್ಲೂ ನಾಳದ ಸಂಶೋಧನೆಯಲ್ಲಿ ಹೆಚ್ಚಾಗಿ ಗಂಡಸರನ್ನೇ ಕೂಡಿಸಿಕೊಂಡರು. ಮುಟ್ಟಿನ ಚಕ್ರದ ಜೊತೆ ಧಮನಿ ಹಿಗ್ಗುವ ಪ್ರಮಾಣವೂ ಏರಿಳಿಯುತ್ತದೆ, ಲೆಕ್ಕ ತೊಡಕಾಗುತ್ತದೆ ಎಂಬುದು ಸಂಶೋಧಕರ ನೆಪ. ಅಡುಗೆ ಕಷ್ಟವೆಂದು ಮನೆಯ ಅರ್ಧ ಜನಕ್ಕೆ ಊಟ ಬಡಿಸದ ಹಾಗೆ. ಈ ಕೊರತೆ ತುಂಬಲು ವಿಜಯಪುರಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. 1910ರಲ್ಲಿ ಹುಟ್ಟಿದ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ರಕ್ತನಾಳದ ಶರೀರಶಾಸ್ತ್ರಕ್ಕೆಂದೇ ಒಂದು ಪ್ರಯೋಗಾಲಯವಿದೆ. ನಿಕೆಲ್‌ನಂಥ ಲೋಹಗಳು, ಆಮ್ಲಜನಕದ ಕೊರತೆ ನಾಳಕ್ಕೆ ಏನು ಮಾಡುತ್ತವೆಂದು ಪ್ರೊ. ಕುಸಲ್ ದಾಸ್ ಅವರ ನೇತೃತ್ವದಲ್ಲಿ ಅಲ್ಲಿ ಕೆಲಸ ನಡೆದಿದೆ. ಕೆಲವೇ ಕಿಲೋಮೀಟರು ದೂರದ ತೊರವಿಯಲ್ಲಿ ರಾಜ್ಯದ ಏಕೈಕ ಮಹಿಳಾ ವಿಶ್ವವಿದ್ಯಾಲಯವಿದೆ, 2003ರಿಂದ. ಅಳೆಯುವವರು ಇಲ್ಲಿದ್ದಾರೆ, ಅಳೆಸಿಕೊಳ್ಳಬೇಕಾದವರೂ ಇಲ್ಲಿದ್ದಾರೆ, ತುಳಿಯುವುದು ಹೇಗೆಂದು ಕಲಿಸಬಲ್ಲ ಕೋಚುಗಳು ಸೈಕ್ಲಿಂಗ್ ಹಾಸ್ಟೆಲ್ಲಿನಲ್ಲಿದ್ದಾರೆ. ಜೋಳ ತಿನ್ನುವ, ಬಸ್ಸಿನಲ್ಲಿ ಓಡಾಡುವ ಇಲ್ಲಿನ ಹುಡುಗಿಯ ಲೆಕ್ಕ ಇಲ್ಲಿಯೇ ಬರೆಯಬಹುದು.

ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳು. ಕಚೇರಿ, ಕಾಲೇಜು, ಹಾಸ್ಟೆಲ್ಲು ಒಂದೊಂದಾಗಿ ಕಟ್ಟಿಕೊಳ್ಳುತ್ತಿರುವ ಊರುಗಳು. ಕಟ್ಟುವಾಗಲೇ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ನಕ್ಷೆಯಲ್ಲಿ ಎರಡು ಕಿಟಕಿಯ ಒಂದು ಕೋಣೆ, ನಾಲ್ಕು ಸೈಕಲ್ಲು, ಒಂದು ದೊಡ್ಡ ಫ್ಯಾನು, ಒಂದು ಬಿಪಿ ಯಂತ್ರ ಬರೆದುಬಿಟ್ಟರೆ ಮುಂದೆ ಒಡೆದು ಕಟ್ಟುವ ಕೆಲಸವಿಲ್ಲ. ಇಂಥ ನಾಲ್ಕು ಯಂತ್ರಗಳಿಗೆ ಹಿಡಿಯುವ ದುಡ್ಡು ಒಂದು ಸ್ವಾಗತ ಕಮಾನಿಗೆ ಆಗುವ ಖರ್ಚಿಗಿಂತ ಹೆಚ್ಚಿರಲಾರದು.

ಯಂತ್ರ ಬಂದ ಮೇಲಿನ ಕಥೆಯೂ ಗೊತ್ತಿರುವುದೇ. ಪಾರ್ಕುಗಳ ಓಪನ್ ಜಿಮ್ಮುಗಳಲ್ಲಿ ಪೆಡಲು ಕಿತ್ತುಹೋಗಿ, ಬೇರಿಂಗು ಕಿರುಗುಟ್ಟಿ, ಮಕ್ಕಳ ಜೋಕಾಲಿಯಾದದ್ದನ್ನು ಎಲ್ಲರೂ ನೋಡಿದ್ದಾರೆ. ಕಾಲೇಜುಗಳ ಜಿಮ್ ಕೋಣೆ ಎಷ್ಟೋ ಕಡೆ ತಪಾಸಣಾ ತಂಡ ಬರುವ ಹಿಂದಿನ ದಿನವಷ್ಟೇ ತೆರೆದುಕೊಳ್ಳುತ್ತದೆ. ತೆರೆದರೂ ಹುಡುಗರ ಹೊತ್ತು, ಹುಡುಗರ ಡಂಬೆಲ್ಲು, ಗೋಡೆಯ ತುಂಬ ಹುಡುಗರ ತೋಳಿನ ಚಿತ್ರ. ಆದ್ದರಿಂದ ಸೈಕಲ್ಲು ಕೊಳ್ಳುವ ಆದೇಶದಲ್ಲಿಯೇ ಇನ್ನೆರಡು ಸಾಲು ಸೇರಬೇಕು. ಸೀಟಿನ ಎತ್ತರ ತುಳಿಯುವವಳ ಸೊಂಟದ ಎಲುಬಿನ ಮಟ್ಟಕ್ಕೆ ಏರಿಸಿಳಿಸಲು ಬರುವಂತಿರಬೇಕು, ಇಲ್ಲವಾದರೆ ತಿಂಗಳೊಳಗೆ ಮೊಣಕಾಲು ನೋವು ಹಿಡಿದು ಎಲ್ಲರೂ ಬಿಡುತ್ತಾರೆ. ಇನ್ನು ಕೋಣೆಯ ಬೀಗದ ಕೈ: ಅದು ವಾರ್ಡನ್ನರ ಟೇಬಲ್ಲಿನ ಡ್ರಾಯರಿನಲ್ಲಿ ಇರಕೂಡದು. ವಾರಕ್ಕೊಬ್ಬ ವಿದ್ಯಾರ್ಥಿನಿಯ ಹತ್ತಿರ, ಬೆಳಗಿನ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ.